ಮನೆ ಕೆಡವುವ ಮುಂಚೆ ಮಾಳಿಗೆ ಹತ್ತಿ ಬಾ

ಅಪ್ಪನ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತೀಯಂತೆ. ಸಂತೋಷ, ತಮ್ಮಾ. ಕಬ್ಬಿನ ಬಿಲ್ಲು ಬಂದಿದೆ, ಪುಣೆಯ ಪಗಾರ ಕೈಗೆ ಹತ್ತಿದೆ, ತೋಳಲ್ಲಿ ಕಸುವಿದೆ. ಈಗ ಕಟ್ಟದೆ ಇನ್ನು ಯಾವಾಗ ಕಟ್ಟುತ್ತೀ? ಎಲಿವೇಶನ್ನನ್ನೂ ಮೊಬೈಲಿನಲ್ಲಿ ಆರಿಸಿಟ್ಟುಕೊಂಡು ಸಿಕ್ಕಸಿಕ್ಕವರಿಗೆ ತೋರಿಸುತ್ತಿದ್ದೀ. ಎರಡಂತಸ್ತಿನೆತ್ತರ ನೀಲಿ ಗಾಜು, ಪಕ್ಕಕ್ಕೆ ಕಂದು ಬಣ್ಣದ ಎಸಿಪಿ ಶೀಟು, ಮೇಲೆ ಸ್ಟೀಲಿನ ಕಟಕಟೆ. ಚೆಂದವಿದೆ, ಇಲ್ಲವೆನ್ನುವುದಿಲ್ಲ. ಅದೇ ಮನೆ ನಿಪ್ಪಾಣಿಯ ಹೆದ್ದಾರಿ ಬದಿಗೂ ಇದೆ, ಇಚಲಕರಂಜಿಯಲ್ಲೂ ಇದೆ, ಶಾರ್ಜಾದಲ್ಲೂ ಇದ್ದೀತು. ನಾಳೆ ನಿನ್ನ ಮನೆ ಯಾವುದೆಂದು ಅಂಚೆಯವನು ಗುರುತು ಹಿಡಿಯಬೇಕಾದರೆ ಬಾಗಿಲಲ್ಲಿ ನಿಂತ ನಿನ್ನ ಬುಲೆಟ್ ಗಾಡಿಯನ್ನೇ ನೋಡಬೇಕು.

ಮುಖ ಗಂಟು ಹಾಕಬೇಡ. ಮನೆ ಕಟ್ಟಿ ನೋಡು ಅಂದರು ಹಿರಿಯರು, ಕೆಡವಿ ನೋಡು ಅಂತ ಯಾರೂ ಅನ್ನಲಿಲ್ಲ. ಅದಕ್ಕೇ ಈ ಮಾತು. ನಾನು ಆರ್ಕಿಟೆಕ್ಟ್ ಅಲ್ಲ. ಗೌಂಡಿಗಳ ಹಿಂದೆ ತಿರುಗಿ, ಸಣ್ಣಪುಟ್ಟ ಗುತ್ತಿಗೆ ಹಿಡಿದು, ಅಥಣಿಯಿಂದ ಚಿಕ್ಕೋಡಿವರೆಗಿನ ಧೂಳು ಕುಡಿದು ತಲೆ ನರೆಸಿಕೊಂಡವನು. ಲೆಕ್ಕಾಚಾರವನ್ನು ನಿನ್ನ ಎಂಜಿನಿಯರನ ಹತ್ತಿರ ಕೇಳು. ಕಣ್ಣಾರೆ ಕಂಡದ್ದನ್ನು ನನ್ನ ಹತ್ತಿರ ಕೇಳು.

ಜೆಸಿಬಿಯವನಿಗೆ ಫೋನ್ ಮಾಡುವ ಮುಂಚೆ ಒಂದು ಕೆಲಸ ಮಾಡು. ಬೇಸಗೆಯ ನಡುಮಧ್ಯಾಹ್ನ ಹಳೆಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಕಿ ಮಲಗು. ಫ್ಯಾನು ಆರಿಸು. ಆಮೇಲೆ ಎದುರಿನ ಹೊಸ ಬಂಗಲೆಗೆ ಹೋಗಿ ಅಷ್ಟೇ ಹೊತ್ತು ಮಲಗು. ರಾತ್ರಿ ಹತ್ತಕ್ಕೆ ಎರಡೂ ಮನೆಯ ಗೋಡೆ ಮುಟ್ಟಿ ನೋಡು. ಐದಿಂಚಿನ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಿನ್ನ ಹಾಸಿಗೆಯ ಮೇಲೆ ಸುರಿಯುತ್ತದೆ. ಮಾಳಿಗೆಯದು ಬೇರೆ ಲೆಕ್ಕ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಬಿಸಿಲು ಅಷ್ಟು ಮಣ್ಣನ್ನು ದಾಟಿ ಕೆಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿ ಗಾಳಿ ತಣ್ಣಗಾಗಿರುತ್ತದೆ. ಗೋಡೆ ಎರಡು-ಎರಡೂವರೆ ಅಡಿ ದಪ್ಪ. "ಎಷ್ಟು ಜಾಗ ಹಾಳು" ಅಂತ ನೀನು ಟೇಪು ಹಿಡಿದು ಅಳೆದೆಯಲ್ಲ, ಆ ಹಾಳು ಜಾಗವೇ ನಿನ್ನ ಅಜ್ಜಿಯ ಏಸಿ.

ಮಾಳಿಗೆ ಹತ್ತಿದಾಗ ಬೆಳಕಿಂಡಿಯನ್ನೂ ನೋಡು. ಬೊಗಸೆಯಗಲದ ತೂತು. ಬೀದಿಯ ಕಡೆ ದೊಡ್ಡ ಕಿಟಕಿ ಇಟ್ಟರೆ ಬಿಸಿಲು, ಧೂಳು, ಮಂದಿಯ ಕಣ್ಣು ಮೂರೂ ಒಳಗೆ ಬರುತ್ತವೆ ಅಂತ ನೆತ್ತಿಯಿಂದ ಬೆಳಕು ಇಳಿಸಿದರು. ಬಿಸಿ ಗಾಳಿಯೂ ಹೊಗೆಯೂ ಅಲ್ಲಿಂದಲೇ ಹೊರಗೆ. ಮಳೆ ಬಂದರೆ ಮೇಲೊಂದು ಫರಸಿ ಸರಿಸಿದರೆ ಮುಗಿಯಿತು. ಬಡವರ ಉಪಾಯ ಅನ್ನಬೇಡ. ಕಾಗವಾಡ ತಾಲ್ಲೂಕಿನ ಜುಗುಳಕ್ಕೆ ಹೋಗಿ ಕೃಷ್ಣೆಯ ಆಚೆ ದಂಡೆ ನೋಡು. ಅಲ್ಲೇ ಖಿದ್ರಾಪುರ, ಅಲ್ಲೇ ಕೋಪೇಶ್ವರನ ಗುಡಿ. ಶಿಲಾಹಾರರು 12ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬ, ನಡುವೆ ಛಾವಣಿಯೇ ಇಲ್ಲ, ದುಂಡನೆಯ ಆಕಾಶ. ಜಿಲ್ಲೆ ಕೊಲ್ಹಾಪುರ, ರಾಜ್ಯ ಮಹಾರಾಷ್ಟ್ರ. ಗೋಡೆಯ ಮೇಲಿನ ಶಾಸನಗಳಲ್ಲಿ ಹೆಚ್ಚಿನವು ಹಳಗನ್ನಡದಲ್ಲಿವೆ. ಬೆಳಕನ್ನು ಮೇಲಿನಿಂದ ಇಳಿಸುವ ಬುದ್ಧಿ ಈ ನದಿಯ ಎರಡೂ ದಂಡೆಗೆ ಗೊತ್ತಿತ್ತು, ರಾಜನಿಗೂ ಗೊತ್ತಿತ್ತು, ರೈತನಿಗೂ ಗೊತ್ತಿತ್ತು. ನೀನು ಮಾತ್ರ ಪಶ್ಚಿಮಕ್ಕೆ ಮುಖ ಮಾಡಿ ಗಾಜು ಹಚ್ಚಿಸುತ್ತೀ, ಆಮೇಲೆ ಅದಕ್ಕೆ ಒಳಗಿನಿಂದ ಎರಡು ಪದರ ಪರದೆ ಹಾಕಿ ಹಗಲುಹೊತ್ತಿನಲ್ಲಿ ಟ್ಯೂಬ್‌ಲೈಟ್ ಉರಿಸುತ್ತೀ.

"ನಮ್ಮ ಭಾಗದ ಶೈಲಿ ಯಾವುದು ಅಜ್ಜಾ, ಹೇಳಿಬಿಡು, ಹಾಗೇ ಕಟ್ಟಿಸ್ತೀನಿ" ಅಂದೆಯಲ್ಲ, ಅಂಗಡಿಯಲ್ಲಿ ಶರ್ಟು ಕೇಳಿದ ಹಾಗೆ. ಅಷ್ಟು ಸಲೀಸಿಲ್ಲ. ನಿಪ್ಪಾಣಿಯಲ್ಲಿ ಬಸ್ಸು ಹತ್ತಿ ಚಿಕ್ಕೋಡಿ ಮೇಲೆ ಹಾಯ್ದು ಅಥಣಿಗೆ ಇಳಿ. ಕಿಟಕಿಯಿಂದ ಕಣ್ಣು ಕೀಳಬೇಡ, ರೀಲ್ಸ್ ಆಮೇಲೆ ನೋಡಿದರಾಯಿತು. ಘಟ್ಟಕ್ಕೆ ಹತ್ತಿರದ ನಿಪ್ಪಾಣಿ ಸೀಮೆಯಲ್ಲಿ ಮಳೆ ಜಾಸ್ತಿ, ಅಲ್ಲಿನ ಹಳೆಯ ಮನೆಗಳ ನೆತ್ತಿ ಇಳಿಜಾರು, ಮೇಲೆ ಹೆಂಚು. ಮೂಡಣಕ್ಕೆ ಬಂದಷ್ಟೂ ಮೋಡ ಬರಿದಾಗುತ್ತದೆ, ಮನೆಯ ನೆತ್ತಿ ಚಪ್ಪಟೆಯಾಗುತ್ತದೆ. ಅಥಣಿಯ ಎರೆನಾಡಿಗೆ ಬಂದರೆ ಎಲ್ಲ ಮಾಳಿಗೆ. ಅಲ್ಲಿ ಮಾಳಿಗೆಯೇ ಮೆಣಸಿನಕಾಯಿ, ಶಂಡಿಗೆ ಒಣಗಿಸುವ ಅಂಗಳ, ಬೇಸಗೆಯ ರಾತ್ರಿ ಮಲಗುವ ಕೋಣೆ. ನಡುವಿನ ರಾಯಬಾಗ, ಚಿಕ್ಕೋಡಿ ಹಳ್ಳಿಗಳಲ್ಲಿ ಒಂದೇ ಓಣಿಯಲ್ಲಿ ಎರಡೂ ಕಾಣುತ್ತವೆ. ಯಾವ ಸರಕಾರವೂ ಗೆರೆ ಎಳೆದು ಹೇಳಿದ್ದಲ್ಲ. ಮಳೆ ಹೇಳಿತು, ಗೌಂಡಿ ಕೇಳಿದ.

ಈ ಗೆರೆಯ ಮಾತು ಬಂತು ಅಂತ ಹೇಳುತ್ತೇನೆ. ಕರ್ನಾಟಕ-ಮಹಾರಾಷ್ಟ್ರ ಗಡಿಯ ಜಗಳ ನೋಡುತ್ತಲೇ ನಾವು ಮುದುಕರಾದೆವು. 1967ರ ಮಹಾಜನ್ ವರದಿ ನಿಪ್ಪಾಣಿಯನ್ನು ಆ ಕಡೆಗೆ ಕೊಡಲು ಹೇಳಿತು, ಜತ್ತ, ಅಕ್ಕಲಕೋಟೆಗಳನ್ನು ಈ ಕಡೆಗೆ ಕೊಡಲು ಹೇಳಿತು. ಏನೂ ಕದಲಲಿಲ್ಲ. ಬೋರ್ಡಿನ ಮೇಲೆ ಯಾವ ಭಾಷೆ ಮೇಲಿರಬೇಕು ಅಂತ ಇಂದಿಗೂ ಗುದ್ದಾಡುವ ಹುಡುಗರಿದ್ದಾರೆ. ಆ ಬೋರ್ಡು ತೂಗುಹಾಕಿದ ಕಟ್ಟಡ ಕನ್ನಡವನ್ನೂ ಮಾತಾಡುವುದಿಲ್ಲ, ಮರಾಠಿಯನ್ನೂ ಮಾತಾಡುವುದಿಲ್ಲ. ಅದರ ಬಗ್ಗೆ ಒಬ್ಬನೂ ಮೋರ್ಚಾ ತೆಗೆದದ್ದು ನಾನು ಕಂಡಿಲ್ಲ.

ಹಾಗಂತ ಹೊರಗಿನದೆಲ್ಲ ಮೈಲಿಗೆ ಅಂತ ತಿಳಿಯಬೇಡ. ನೀನು "ನಮ್ಮ ಅಜ್ಜನ ಕಾಲದ್ದು" ಅಂತ ಎದೆ ಉಬ್ಬಿಸುವ ಮಂಗಳೂರು ಹೆಂಚು ಯಾರದ್ದು ಗೊತ್ತೇ? ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು 1865ರಲ್ಲಿ ಮಂಗಳೂರಲ್ಲಿ ಕಾರ್ಖಾನೆ ಹಾಕಿ ಸುಟ್ಟದ್ದು. ಆಮೇಲೆ ರೈಲು ಬಂತು, ಹೆಂಚು ಬಂತು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರ್ ಅವರ ವಾಡೆ ಇದೆಯಲ್ಲ, ಆ ವಾಡೆಯ ಠೀವಿ ಪುಣೆಯ ಪೇಶವೆಗಳ ಕಡೆಯಿಂದ ಬಂದದ್ದು. ಬಂದವು, ನಮ್ಮ ಮಳೆಯಲ್ಲಿ ನೆನೆದವು, ನಮ್ಮ ಬಿಸಿಲಲ್ಲಿ ಒಣಗಿದವು, ನಮ್ಮವಾದವು. ನಿಪ್ಪಾಣಿಯ ಹಳೆಯ ತಂಬಾಕು ವಖಾರಿಗಳನ್ನೇ ನೋಡು. ಎತ್ತರದ ಛಾವಣಿ, ದಪ್ಪ ಗೋಡೆ. ಎಲೆ ತೀರ ಒಣಗಿದರೆ ಪುಡಿ, ತೇವ ಹಿಡಿದರೆ ಬೂಸ್ಟು. ಪೈಸೆಗೆ ಪೈಸೆ ಎಣಿಸುವ ವ್ಯಾಪಾರಿ ಶೋಕಿಗೆ ಕಟ್ಟಿಸಿದ್ದಲ್ಲ ಅದು. ಉಗಾರದ ಸಕ್ಕರೆ ಕಂಪನಿ 1939ರಲ್ಲಿ ಶುರುವಾಯಿತು, ಹಿಂದಿನಿಂದ ಕಬ್ಬಿನ ದುಡ್ಡು ಬಂತು. ದುಡ್ಡು ಬಂದ ಕೂಡಲೇ ನಾವು ಮನೆ ಕಟ್ಟುವವನ ಹತ್ತಿರ ಕೇಳುವ ಪ್ರಶ್ನೆ ಬದಲಾಯಿತು. ಮೊದಲು "ಸೋರುತ್ತದೆಯೋ ಇಲ್ಲವೋ" ಅಂತ ಕೇಳುತ್ತಿದ್ದೆವು. ಈಗ "ರೋಡಿನಿಂದ ಹ್ಯಾಂಗ ಕಾಣಸ್ತೈತಿ" ಅಂತ ಕೇಳುತ್ತೇವೆ.

ಗಾಜು ಬರಲಿ, ಸಿಮೆಂಟು ಬರಲಿ, ಮೋರ್ಬಿಯ ಟೈಲ್ಸೂ ಬರಲಿ. ಬಂದದ್ದು ಇಲ್ಲಿ ಏನು ಕೆಲಸ ಮಾಡುತ್ತದೆ ಅಂತ ಒಂದು ಮಾತು ಕೇಳಿ ಒಳಗೆ ಕರಕೋ. ನನ್ನ ತಕರಾರು ಅಷ್ಟೇ.

ಈಗ ಹಳೆಯದರ ಹುಳುಕೂ ಹೇಳುತ್ತೇನೆ, ಇಲ್ಲದಿದ್ದರೆ ಮುದುಕ ಬರೀ ಹಳೆಯ ಕಾಲ ಹೊಗಳುತ್ತಾನೆ ಅಂತ ಸ್ನೇಹಿತರ ಮುಂದೆ ನಗುತ್ತೀ. ಮಾಳಿಗೆ ಸೋರುತ್ತದೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಬಿಳಿ ಮಣ್ಣು ಹೊತ್ತು ಹಾಕಬೇಕು, ಹಾಕುವ ಆಳು ಈಗ ಸಿಗುವುದಿಲ್ಲ. ಗೆದ್ದಲು ತೊಲೆ ತಿನ್ನುತ್ತದೆ, ಇಲಿ ಗೋಡೆ ಕೊರೆಯುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಅಡುಗೆಮನೆ ಕತ್ತಲು. ನಿನ್ನ ಅಜ್ಜಿಯ ಕಣ್ಣು ಹೊಗೆಯಲ್ಲೇ ಹೋದವು. ಮಣ್ಣಿನ ನೆಲ ಸಾರಿಸಿ ಸಾರಿಸಿ ಅವಳ ಸೊಂಟ ಬಗ್ಗಿತು. ಮಣ್ಣಿನ ಮನೆಯ ಕವಿತೆ ಬರೆದವರಲ್ಲಿ ಸೆಗಣಿ ಬಳಿದವರು ಕಡಿಮೆ.

ಇನ್ನೊಂದು ಇದೆ, ಅದನ್ನು ನುಂಗಿ ಮುಚ್ಚಿಡಬಾರದು. ಹಳೆಯ ಮನೆಯ ಮುಂದಿನ ಕಟ್ಟೆ ಎಲ್ಲರಿಗೂ ಇರಲಿಲ್ಲ. ಕೆಲವರು ಕಟ್ಟೆಯ ಕೆಳಗೇ ನಿಲ್ಲಬೇಕಿತ್ತು, ಕೆಲವರು ಅಗಸಿಯ ಆಚೆಗೇ ಮನೆ ಕಟ್ಟಬೇಕಿತ್ತು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದ್ದು ಸುಮ್ಮನೆ ಅಲ್ಲ. "ನಮ್ಮ ಪರಂಪರೆ" ಅಂತ ನೀನು ಅನ್ನುವಾಗ ಓಣಿಯ ಇನ್ನೊಂದು ತುದಿಯ ಹುಡುಗನಿಗೆ ಅದೇ ಕಟ್ಟೆ ಬೇರೆ ಏನನ್ನೋ ನೆನಪಿಸೀತು. ಹೊಸ ಮನೆಗೂ ಕಟ್ಟೆ ಇಡು ಅಂತ ಮುಂದೆ ಹೇಳಲಿದ್ದೇನೆ. ಇಟ್ಟರೆ ಅವನೂ ಬಂದು ಕೂರುವ ಹಾಗೆ ಇಡು.

ಮತ್ತೆ ಹೊಳೆ. 2005, 2019, 2021. ಮಾಂಜರಿ, ಇಂಗಳಿ, ಯಡೂರ, ಜುಗುಳ, ಕುಡಚಿಯ ಮಂದಿಗೆ ಈ ಇಸವಿಗಳನ್ನು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ ಒಟ್ಟಿಗೆ ಮೈದುಂಬಿ ಊರೊಳಗೆ ನಿಂತಾಗ ಮಣ್ಣಿನ ಗೋಡೆಗಳು ಬುಡ ನೆನೆದು ಕೂತುಬಿಟ್ಟವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ಕೊಟ್ಟಿತು. ಆ 5 ಲಕ್ಷದಲ್ಲಿ ಎದ್ದವು ಸಾಲುಸಾಲು ಡಬ್ಬಿ ಮನೆಗಳು. ಅವರನ್ನು ಯಾವ ಬಾಯಲ್ಲಿ ಬೈಯಲಿ? ಹೊಳೆದಂಡೆಯಲ್ಲಿ ಮಣ್ಣಿನ ಗೋಡೆ ಕಟ್ಟು ಅಂತ ನಾನು ಯಾರಿಗೂ ಹೇಳುವುದಿಲ್ಲ. ನಿನ್ನ ಮನೆ ಹೊಳೆಗೆ ಹತ್ತಿರವಿದ್ದರೆ 2019ರ ನೀರಿನ ಗುರುತು ಎಲ್ಲಿದೆ ಅಂತ ಓಣಿಯವರನ್ನು ಕೇಳಿ, ಅದಕ್ಕಿಂತ ಮೇಲೆ ಪ್ಲಿಂತ್ ಏರಿಸು. ಆಮೇಲೆ ಇಟಾಲಿಯನ್ ಮಾರ್ಬಲ್ಲಿನ ಮಾತು.

ಸರಿ, ಕಟ್ಟುವ ಕೆಲಸಕ್ಕೆ ಬರೋಣ.

ಮೊದಲು ನೆಲ. ನಿನ್ನದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಎಲಿವೇಶನ್ನಿಗೆ ಸುರಿಯುವ ದುಡ್ಡಲ್ಲಿ ಅರ್ಧ ಬುನಾದಿಗೆ ಹಾಕು. ಮುರುಮ ಹತ್ತುವವರೆಗೆ ಅಗೆಸು, ಎಷ್ಟೇ ಆಳವಾಗಲಿ. ಬೆಂಗಳೂರಿನ ನಕ್ಷೆ ಕೊಂಡು ತಂದು ಎರೆಯ ಮೇಲೆ ಕೂರಿಸಿದ ಮನೆಗಳ ಗೋಡೆ ಎರಡನೆಯ ಬೇಸಗೆಗೇ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟದ್ದನ್ನು ನಾನು ಎಷ್ಟು ಕಡೆ ಕಂಡೆನೋ.

ಗೋಡೆಗೆ ಮಣ್ಣು ಬೇಕೆಂದರೆ ಅದಕ್ಕೂ ಈಗ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಯ ಮನೆ, ಹಳ್ಳಿಯ ಒಲೆಯ ಮೇಲೆ ತಲೆ ಕೆಡಿಸಿಕೊಂಡ ಮಂದಿ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಗಟ್ಟಿಮಾಡುವ ಇಟ್ಟಿಗೆಯನ್ನು ತಿದ್ದಿ ತೀಡಿದರು. ಎರೆಮಣ್ಣು ಅದಕ್ಕೆ ಒಗ್ಗುವುದಿಲ್ಲ, ಮರಳು ಬೆರೆತ ಕೆಂಪು ಮಣ್ಣು ಬೇಕು. ಹತ್ತಿರದಲ್ಲಿ ಸಿಕ್ಕರೆ ಸರಿ. ಲಾರಿಯಲ್ಲಿ ನೂರು ಮೈಲಿ ತರಿಸಿ "ನಂದು ಪರಿಸರದ ಮನಿ" ಅಂತ ಫೋಟೊ ಹಾಕಬೇಡ, ನಗು ಬರುತ್ತದೆ.

ಸ್ಲ್ಯಾಬು ಹಾಕು, ಬೇಡ ಅನ್ನುವುದಿಲ್ಲ. ಆದರೆ ಕೆಡವುವ ಮನೆಯ ಯಾವ ಭಾಗಕ್ಕಾದರೂ ಹೆಂಚಿದ್ದರೆ ಅದನ್ನು ಗುಜರಿಗೆ ಹಾಕಬೇಡ. ಸ್ಲ್ಯಾಬಿನ ತಳಭಾಗದಲ್ಲಿ ಕಂಬಿಗಳ ನಡುವೆ ಹೆಂಚು ಕೂರಿಸಿ ಕಾಂಕ್ರೀಟು ಸುರಿಯುವ ಕೆಲಸ ಒಂದಿದೆ, ಫಿಲ್ಲರ್ ಸ್ಲ್ಯಾಬು ಅನ್ನುತ್ತಾರೆ. ಲಾರಿ ಬೇಕರ್ ಎನ್ನುವ ಇಂಗ್ಲೆಂಡಿನವನು ಕೇರಳಕ್ಕೆ ಬಂದು ನೆಲೆನಿಂತು ಅದನ್ನು ಮನೆಮನೆಗೆ ಮುಟ್ಟಿಸಿದ. ಕಾಂಕ್ರೀಟು ಉಳಿಯುತ್ತದೆ, ಬಿಸಿಲೂ ಒಂದಿಷ್ಟು ತಡೆಯುತ್ತದೆ, ಕೆಳಗಿನಿಂದ ನೋಡಿದರೆ ಅಜ್ಜನ ಹೆಂಚು ಕಾಣುತ್ತದೆ. ಎಂಜಿನಿಯರನ ಕೈಯಲ್ಲಿ ಲೆಕ್ಕ ಮಾಡಿಸು, ಗೌಂಡಿಯ ಅಂದಾಜಿಗೆ ಬಿಡಬೇಡ. ಮೇಲೆ ಪ್ರತಿ ಬೇಸಗೆಗೆ ಬಿಳಿ ಸುಣ್ಣ ಹೊಡೆಸು. ಅದರ ಖರ್ಚು ನಿನ್ನ ಒಂದು ಪಿಜ್ಜಾ ಪಾರ್ಟಿಗಿಂತ ಜಾಸ್ತಿ ಆಗಲಿಕ್ಕಿಲ್ಲ.

ಪಡುವಣ ಗೋಡೆಗೆ ಕಿಟಕಿ ಸಣ್ಣದಿರಲಿ, ಕಿಟಕಿಯ ಮೇಲೆ ಛಜ್ಜಾ ಉದ್ದಕ್ಕೆ ಚಾಚಲಿ. ಅಡುಗೆಮನೆ ಎಲ್ಲಿ ಅಂತ ಮಾತ್ರ ನಿನ್ನ ಅವ್ವನನ್ನು ಕೇಳು. ಓಪನ್ ಕಿಚನ್ ಬೇಕು ಅಂದೆಯಂತೆ. ಒಂದು ಸಲ ಅವ್ವ ಖಾರಪುಡಿಗೆ ಮೆಣಸಿನಕಾಯಿ ಹುರಿಯಲಿ, ನಿನ್ನ ಇಂಪೋರ್ಟೆಡ್ ಸೋಫಾದ ಮೇಲೆ ಕೂತ ಬೀಗರು ಕೆಮ್ಮುತ್ತ ಬೀದಿಗೆ ಓಡುತ್ತಾರೆ. ಜೋಳದ ಚೀಲ ಎಲ್ಲಿಡುತ್ತೀ? ಕಬ್ಬಿನ ಗದ್ದೆಯಿಂದ ಬಂದ ಕೆಸರುಗಾಲು ಎಲ್ಲಿ ತೊಳೆಯುತ್ತೀ? ಅಪ್ಪನನ್ನು ಕಾಣಲು ಬಂದವರು ಚಪ್ಪಲಿ ಬಿಡದೆ ಅರ್ಧ ತಾಸು ಕೂತು ಹೋಗುವ ಜಾಗ ಯಾವುದು? ನಿನ್ನ ನಕ್ಷೆಯಲ್ಲಿ ಹೋಮ್ ಥಿಯೇಟರ್ ಕಂಡೆ, ಕಟ್ಟೆ ಕಾಣಲಿಲ್ಲ. ನಿನ್ನಪ್ಪ ಸಂಜೆ ಎಲ್ಲಿ ಕೂರಬೇಕು ಮಾರಾಯ, ಕಾರಿನ ಶೆಡ್ಡಿನಲ್ಲೇ?

ಚಪ್ಪಲಿಯ ಮಾತು ಬಂತು. ಅಥಣಿ, ನಿಪ್ಪಾಣಿ ಸುತ್ತಿನ ಕೈಗಳು ಎಷ್ಟೋ ತಲೆಮಾರಿನಿಂದ ಹೊಲಿದ ಚಪ್ಪಲಿ ಕೊಲ್ಹಾಪುರಿ ಅಂತ ಹೆಸರಾಯಿತು. 2019ರಲ್ಲಿ ಜಿಐ ಗುರುತು ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೂ ಕರ್ನಾಟಕದ ನಾಲ್ಕು ಜಿಲ್ಲೆಗೂ ಹಂಚಿ ಬಂತು, ಬೆಳಗಾವಿ ಅದರಲ್ಲೊಂದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯಲ್ಲಿ ಅಂಥದೇ ಚಪ್ಪಲಿ ಮೆಟ್ಟಿಸಿ ನಡೆಸಿದಾಗ ನಮ್ಮ ಹುಡುಗರೆಲ್ಲ ಫೋನಿನಲ್ಲಿ ಕೆಂಡಾಮಂಡಲ. ನೀನೂ ಏನೋ ಬರೆದಿದ್ದೆ, ಕೇಳಿದೆ. ಆವತ್ತು ನಿನ್ನ ಕಾಲಲ್ಲಿ ಇದ್ದದ್ದು ಯಾವ ಬೂಟು ಅಂತ ನಾನು ಕೇಳುವುದಿಲ್ಲ.

ಮನೆಗಳಿಗೂ ಇದೇ ಆಗುತ್ತಿದೆ. ಕೆತ್ತನೆಯ ಕಂಬ, ಬೋದಿಗೆ, ತಲಬಾಗಿಲ ಚೌಕಟ್ಟು ನಿನ್ನ ಮನೆಯಲ್ಲೂ ಇವೆ. ಮನೆ ಬಿಚ್ಚುವ ಸುದ್ದಿ ತಿಳಿದು ಹಳೆ ಸಾಮಾನಿನ ವ್ಯಾಪಾರಿ ನಾಳೆಯೇ ಬರುತ್ತಾನೆ, ಕಟ್ಟಿಗೆಯ ತೂಕಕ್ಕೆ ಬೆಲೆ ಕಟ್ಟುತ್ತಾನೆ. ಅದು ಯಾವುದೋ ರೆಸಾರ್ಟಿನ ಹೊಸ ಗೋಡೆಗೆ ಹೋಗಿ ನಿಲ್ಲುತ್ತದೆ. ನೀನು ರಜೆಗೆ ಅಲ್ಲಿಗೆ ಹೋಗಿ, ರಾತ್ರಿಗೆ ಸಾವಿರಗಟ್ಟಲೆ ಕೊಟ್ಟು, ಅದಕ್ಕೇ ಒರಗಿ ಸೆಲ್ಫಿ ತೆಗೆದುಕೊಳ್ಳುತ್ತೀ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅನ್ನುವವರು ಕೆಡವಲು ನಿಂತ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ನಮ್ಮ ಪಕ್ಕದ ಮುಧೋಳ ಅರಮನೆಯ ದರ್ಬಾರು ಮಂಟಪವೂ ಈಗ ಅಲ್ಲಿದೆ. ಪುಣ್ಯಾತ್ಮ, ಉಳಿಸಿದ. ಆದರೆ ದರ್ಬಾರು ಇರಬೇಕಾದ್ದು ಮುಧೋಳದಲ್ಲಿ ತಾನೇ? ನಿನ್ನ ಕಂಬ ನಾಲ್ಕಿದ್ದರೆ ನಾಲ್ಕನ್ನೂ ಹೊಸ ಪಡಸಾಲೆಯಲ್ಲಿ ಭಾರ ಹೊರಲಿಕ್ಕೆ ನಿಲ್ಲಿಸು. ಸ್ಲ್ಯಾಬಿನ ಕೆಳಗೆ ಶೋಕೇಸಿನ ಬೊಂಬೆಯ ಹಾಗೆ ನಿಲ್ಲಿಸಬೇಡ.

ಹೆದ್ದಾರಿಯ ಢಾಬಾಗಳಲ್ಲಿ ಫೈಬರಿನ ಕಮಾನು, ಥರ್ಮೋಕೋಲಿನ ಬೋದಿಗೆ ಅಂಟಿಸಿ "ವಾಡಾ ಥೀಮ್" ಮಾಡಿದ್ದಾರೆ. ಗಾಜಿನ ಮುಖ ಬಿಡು ಅಂತ ನಾನು ಹೇಳಿದ್ದನ್ನು ಕೇಳಿ ನೀನು ಆ ಕಡೆ ಜಿಗಿದೀಯಾ ಅಂತ ನನಗೆ ಹೆದರಿಕೆ. ಜಿಗಿಯುವುದು ನಿನ್ನ ಸ್ವಭಾವ. ಎರಡೂ ಒಂದೇ ಕೆಲಸ, ರೋಡಿನವರಿಗಾಗಿ ಹಾಕಿದ ವೇಷ.

ಇನ್ನು ಸುಣ್ಣ. ಹಳೆಯ ಮನೆಯ ಮುಂದಿನ ಎರಡು ಅಂಕಣವನ್ನಾದರೂ ಉಳಿಸಿಕೊಳ್ಳುತ್ತೇನೆ ಅಂತ ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೀಯಂತೆ. ಅದನ್ನು ಕೇಳಿಯೇ ನಾನು ಇಷ್ಟು ಮಾತಾಡಿದ್ದು. ಆ ಮಣ್ಣು-ಕಲ್ಲಿನ ಗೋಡೆಗೆ ಸಿಮೆಂಟಿನ ಪ್ಲಾಸ್ಟರ್ ಮೆತ್ತಿಸಬೇಡ. ಗೋಡೆಯೊಳಗಿನ ತೇವ ಹೊರಗೆ ಬರಲಾರದೆ ಒಳಗೇ ಕೊಳೆಯುತ್ತದೆ, ನಾಲ್ಕು ಮಳೆಗಾಲ ಕಳೆದರೆ ಪ್ಲಾಸ್ಟರು ಹಾಳೆಹಾಳೆಯಾಗಿ ಉದುರುತ್ತದೆ, ಜೊತೆಗೆ ಗೋಡೆಯನ್ನೂ ಎಳೆದುಕೊಂಡು ಬರುತ್ತದೆ. ಸುಣ್ಣದ ಗಚ್ಚು ಹಾಗಲ್ಲ, ತೇವ ಬಿಟ್ಟುಕೊಡುತ್ತದೆ, ವರ್ಷ ಹೋದಂತೆ ಗಟ್ಟಿಯಾಗುತ್ತದೆ. ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳು (1836–1921) ಇದ್ದ ಮಠವನ್ನು ಇಂದಿಗೂ ಗಚ್ಚಿನ ಮಠ ಎಂದೇ ಕರೆಯುತ್ತಾರೆ. ಹಿಂದೆ ಎತ್ತು ಕಟ್ಟಿ, ಕಲ್ಲಿನ ಗಾಲಿ ತಿರುಗಿಸಿ ಗಾಣದಲ್ಲಿ ಸುಣ್ಣ, ಮರಳು ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ನೀರು ಬಿಡುತ್ತಿದ್ದರು. ಎಷ್ಟು ಬೆಲ್ಲ, ಎಷ್ಟು ದಿನ ಅನ್ನುವುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಗೌಂಡಿಯ ಬೆರಳಿನಲ್ಲಿತ್ತು.

ಆ ಬೆರಳು ಬಲ್ಲ ಮುದುಕರು ನಿಪ್ಪಾಣಿಯಿಂದ ಅಥಣಿವರೆಗಿನ ಈ ಸೀಮೆಯಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರ ಮಕ್ಕಳು ಕೊಲ್ಹಾಪುರದಲ್ಲಿ ಪಿಒಪಿ ಸೀಲಿಂಗು ಮಾಡುತ್ತಾರೆ. ನಿನ್ನ ಗುತ್ತಿಗೆದಾರ "ಸುಣ್ಣದ ಕೆಲಸ ಯಾರಿಗೂ ಬರೂದಿಲ್ಲರೀ" ಅನ್ನುತ್ತಾನೆ. ನಂಬಬೇಡ, ಹಳೆಯ ಗುಡಿ ದುರಸ್ತಿ ನಡೆದ ಕಡೆ ಹೋಗಿ ವಿಚಾರಿಸು. ಸಿಕ್ಕರೆ ದಿನಗೂಲಿಗೆ ಚೌಕಾಸಿ ಮಾಡಬೇಡ, ನಿನ್ನ ಎಸಿಪಿ ಶೀಟಿನವನ ಹತ್ತಿರ ಮಾಡಿದೆಯೇನು? ಒಬ್ಬ ಹುಡುಗ ಗೌಂಡಿಯನ್ನು ಅವರ ಕೈಕೆಳಗೆ ಹಾಕು, ಅವನ ಪಗಾರವನ್ನೂ ನೀನೇ ಕೊಡು. ಮುದುಕರಿಗೆ ಮಧ್ಯಾಹ್ನ ಎರಡು ತಾಸು ವಿಶ್ರಾಂತಿ ಇರಲಿ, ಎಲೆಅಡಿಕೆ ಖರ್ಚೂ ನಿನ್ನದೇ. ಮತ್ತೆ ಸುಣ್ಣವನ್ನು ಹೊಂಡದಲ್ಲಿ ನೆನೆಹಾಕಿ ವಾರಗಟ್ಟಲೆ ಬಿಡಬೇಕು, ಬೆಳಿಗ್ಗೆ ತಂದು ಸಂಜೆ ಮೆತ್ತುವ ಸಾಮಾನಲ್ಲ ಅದು. ಯುಗಾದಿಗೆ ಕೆಲಸ ಶುರು ಅನ್ನುತ್ತೀಯಾದರೆ ಸಂಕ್ರಾಂತಿ ಮುಗಿದ ಕೂಡಲೇ ಹೊಂಡ ಅಗೆಸು, ಹಿತ್ತಲಿನ ನುಗ್ಗೆಗಿಡದ ಆಚೆ ಜಾಗವಿದೆ. ಕರು ಬೀಳದ ಹಾಗೆ ಸುತ್ತ ಬೇಲಿ ಹಾಕಿಸು.